ಬಿಪಿ ಇಲ್ಲ, ಶುಗರ್ ಇಲ್ಲ, ಆದರೆ ಒಂದು ಮಾತ್ರೆ ಇತ್ತು

ಶಿರಸಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. 22 ವರ್ಷದಿಂದ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಉಪನಯನದ ಕಾಗದ, ಸೊಸೈಟಿಯ ವಾರ್ಷಿಕ ವರದಿ, ಬಿಲ್ ಬುಕ್ಕು, ಯಕ್ಷಗಾನದ ಕರಪತ್ರ, ಎಲ್ಲ ಬರುತ್ತದೆ. ಮಾರ್ಚ್‌ನಿಂದ ಮೇ ತನಕ ಮದುವೆಗಳದ್ದೇ ಗದ್ದಲ. ಒಂದೊಂದು ಪತ್ರಿಕೆಯಲ್ಲಿ ಕರೆಯುವವರ ಹೆಸರೇ 40 ಇರುತ್ತವೆ. ಅದರಲ್ಲಿ ಒಬ್ಬ ಅತ್ತೆಯ ಹೆಸರು ಬಿಟ್ಟುಹೋದರೂ ಎರಡು ಮನೆಗಳ ನಡುವೆ ಮಾತು ನಿಲ್ಲುತ್ತದೆ. ಹಾಗಾಗಿ ಕತ್ತು ಮುಂದೆ ಚಾಚಿಕೊಂಡು, ಒಂದೊಂದೇ ಅಕ್ಷರ ನೋಡುತ್ತಾ, ದಿನಕ್ಕೆ ಹತ್ತು ತಾಸು ಕೂತಿರುತ್ತೇನೆ.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಆ ಕತ್ತು ಹಿಡಿದುಕೊಂಡಿತು. ಬೆಳಿಗ್ಗೆ ಎದ್ದಾಗ ಎಡಗಡೆ ತಿರುಗಲು ಆಗಲಿಲ್ಲ. ಹಲ್ಲುಜ್ಜಿ ಉಗಿಯಲು ಬಗ್ಗಿದರೆ ಕಣ್ಣಲ್ಲಿ ನೀರು ಬಂತು. ಆಯಿ ನೋಡಿ, "ನರ ಹಿಡ್ಕಂಜು" ಅಂದಳು. ಎಣ್ಣೆ ಬಿಸಿ ಮಾಡಿ ತಿಕ್ಕಿದಳು. ಉಪ್ಪಿನ ಶಾಖ ಕೊಟ್ಟಳು. ಎರಡು ದಿನ ಹಾಗೇ ಕಳೆದೆ. ಮೂರನೇ ದಿನ ಮೂಳೆ ಡಾಕ್ಟರ ಹತ್ತಿರ ಹೋದೆ.

ಅವರು ಹೆಗಲಿನ ಮೇಲೆ ಹೆಬ್ಬೆರಳು ಒತ್ತಿದರು. ಒಳಗೆ ಅಡಿಕೆಯಷ್ಟು ಗಟ್ಟಿ ಗಂಟು ಇದ್ದದ್ದು ನನಗೇ ಗೊತ್ತಾಯಿತು. "ಇದು ನರ ಅಲ್ಲ, ಸ್ನಾಯು. ಬಿಗಿದುಕೊಂಡು ಬಿಟ್ಟಿದೆ. ನೋವಾಗುತ್ತೆ ಅಂತ ನೀವು ಅಲ್ಲಾಡಿಸಲ್ಲ. ಅಲ್ಲಾಡಿಸಲ್ಲ ಅಂತ ಅದು ಇನ್ನೂ ಬಿಗಿಯುತ್ತೆ" ಅಂದರು. ಚೀಟಿಯಲ್ಲಿ ಟಿಜಾನಿಡಿನ್ 2 ಮಿಲಿಗ್ರಾಂ, ರಾತ್ರಿ ಒಂದು, 7 ದಿನ ಅಂತ ಬರೆದರು. ನೋವು ಜಾಸ್ತಿ ಆದರೆ ಮಾತ್ರ ಪ್ಯಾರಾಸಿಟಮಾಲ್.

ಆ ಡಾಕ್ಟರು ಪುರುಸೊತ್ತಿನಲ್ಲಿ ಹೇಳಿದರು, ಅದಕ್ಕೆ ನಾನು ಇವತ್ತಿಗೂ ಋಣಿ. ಈ ಮಾತ್ರೆ ಕತ್ತಿಗೆ ಹೋಗಿ ಕೆಲಸ ಮಾಡುವುದಲ್ಲವಂತೆ. ಬೆನ್ನುಹುರಿಯಿಂದ ಸ್ನಾಯುವಿಗೆ "ಬಿಗಿ, ಬಿಗಿ" ಅಂತ ಹೋಗುವ ಸಂದೇಶವನ್ನು ತಗ್ಗಿಸುತ್ತದಂತೆ. ಅದೇ ಕಾರಣಕ್ಕೆ ನಿದ್ದೆ ಬರುತ್ತದೆ, ಬಾಯಿ ಒಣಗುತ್ತದೆ, ಬಿಪಿ ಸ್ವಲ್ಪ ಇಳಿಯುತ್ತದೆ. ನುಂಗಿ ಒಂದೆರಡು ತಾಸಿನಲ್ಲಿ ಅದರ ಜೋರು ಹೆಚ್ಚು. ಮೂರರಿಂದ ಆರು ತಾಸಿನೊಳಗೆ ಇಳಿದುಹೋಗುತ್ತದೆ. "ರಾತ್ರಿ ನುಂಗಿ, ಮಲಗಿ. ಎದ್ದರೆ ಮಂಚದ ಮೇಲೆ ಒಂದು ನಿಮಿಷ ಕೂತು, ಆಮೇಲೆ ನಿಲ್ಲಿ. ಮರುದಿನ ಮಂಪರು ಇದ್ದರೆ ಸ್ಕೂಟಿ ಮುಟ್ಟಬೇಡಿ. ಊಟದ ನಂತರ ತಗೊಳ್ಳೋದಾದರೆ ದಿನಾ ಊಟದ ನಂತರವೇ ತಗೊಳ್ಳಿ" ಅಂದರು.

ಎಲ್ಲ ಪಾಲಿಸಿದೆ. ಮೊದಲ ರಾತ್ರಿ ಶನಿವಾರ ನುಂಗಿದೆ, ಮರುದಿನ ಅಂಗಡಿಗೆ ರಜೆ ಅಂತ. ಅಪ್ಪೆಹುಳಿ ಕುಡಿದು ಮಲಗಿದಾಗ ಬರುವ ನಿದ್ದೆ ಗೊತ್ತಲ್ವಾ, ಅದರ ಎರಡರಷ್ಟು. ಭಾನುವಾರ ಹತ್ತು ಗಂಟೆಯವರೆಗೂ ತಲೆಯಲ್ಲಿ ಹತ್ತಿ ತುಂಬಿದ ಹಾಗೆ ಇತ್ತು. ಮೂರನೇ ದಿನದಿಂದ ಮೈ ಒಗ್ಗಿತು. ಆದರೂ ಆ ವಾರ ಸ್ಕೂಟಿ ತೆಗೆಯಲಿಲ್ಲ. ಇವರೇ ದಿನಾ ಐದು ರಸ್ತೆ ಸರ್ಕಲ್‌ವರೆಗೆ ಬಿಟ್ಟು ಹೋಗುತ್ತಿದ್ದರು. ಐದನೇ ದಿನ ಕತ್ತು ಎಡಕ್ಕೆ ತಿರುಗಿತು. ವಾರದ ನಂತರ ತೋರಿಸಿದಾಗ, ಗಂಟು ಪೂರ್ತಿ ಬಿಟ್ಟಿಲ್ಲ, ಇನ್ನೊಂದು ವಾರ ತಗೊಳ್ಳಿ ಅಂದರು.

ತೊಂದರೆ ಆದದ್ದು ಆ ಎರಡನೇ ವಾರ. ಅದೂ ಆ ಮಾತ್ರೆ ಒಂದರಿಂದಲೇ ಅಲ್ಲ.

ಕೆಲಸದ ಗಡಿಬಿಡಿಯಲ್ಲಿ ನೀರು ಕುಡಿಯುವುದಿಲ್ಲ, ಮೂತ್ರ ಬಂದರೂ ತಡೆದು ಕೂರುತ್ತೇನೆ. ನನ್ನಂಥ ಎಷ್ಟೋ ಹೆಂಗಸರ ಕಥೆ ಇದೇ. ಉರಿಮೂತ್ರ ಶುರುವಾಯಿತು. ಸಂಜೆ ಹೊತ್ತಾಗಿತ್ತು. ಮನೆ ಹತ್ತಿರ ತೆರೆದಿದ್ದ ಬೇರೊಂದು ದವಾಖಾನೆಗೆ ಹೋದೆ. ಅಲ್ಲಿ ರಾಶಿ ಜನ. ಡಾಕ್ಟರು ತಲೆ ಎತ್ತದೆ ಕೇಳಿದರು: "ಬಿಪಿ ಇದ್ಯಾ?" ಇಲ್ಲ. "ಶುಗರ್ ಇದ್ಯಾ?" ಇಲ್ಲ. "ಬೇರೆ ಏನಾದ್ರೂ ಕಾಯಿಲೆ?" ಇಲ್ಲ. ಸೋಂಕಿಗೆ ಆ್ಯಂಟಿಬಯಾಟಿಕ್ ಬರೆದರು: ಸಿಪ್ರೊಫ್ಲಾಕ್ಸಾಸಿನ್ 500, ಬೆಳಿಗ್ಗೆ ಒಂದು, ರಾತ್ರಿ ಒಂದು, 5 ದಿನ.

ಮೂರು ಸಲ ಇಲ್ಲ ಅಂದೆ. ಮೂರೂ ನಿಜ. ಕತ್ತು ನೋವು ನನ್ನ ಮನಸ್ಸಿನಲ್ಲಿ ಕಾಯಿಲೆಯೇ ಆಗಿರಲಿಲ್ಲ. ಅದಕ್ಕೆ ನುಂಗುವ ಮಾತ್ರೆಯೂ ಮಾತ್ರೆಯ ಲೆಕ್ಕದಲ್ಲಿ ಇರಲಿಲ್ಲ. ಔಷಧಿಯನ್ನೂ ಆ ದವಾಖಾನೆಯ ಪಕ್ಕದ ಮೆಡಿಕಲ್‌ನಲ್ಲೇ ತಗೊಂಡೆ. ಟಿಜಾನಿಡಿನ್ ಕೊಟ್ಟವರು ಬಸ್‌ಸ್ಟ್ಯಾಂಡ್ ಕಡೆಯವರು. ಇವರಿಗೆ ಅದು ಹೇಗೆ ಗೊತ್ತಾಗಬೇಕು?

ಸಿಪ್ರೊ ಶುರು ಮಾಡಿದ ಮರುದಿನ ಬೆಳಿಗ್ಗೆ ಏಳಲು ಆಗಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಮಾತು ತೊದಲುತ್ತಿತ್ತು ಅಂತ ಇವರು ಆಮೇಲೆ ಹೇಳಿದರು. ಸೋಂಕಿನ ಸುಸ್ತು ಅಂದುಕೊಂಡೆವು. ಎಳನೀರು ಕುಡಿಸಿದರು. ಸಂಜೆಗೆ ಸ್ವಲ್ಪ ಸರಿಯಾಯಿತು. ರಾತ್ರಿ ಊಟ ಮಾಡಿ ಎರಡೂ ಮಾತ್ರೆ ನುಂಗಿ ಮಲಗಿದೆ.

ಹನ್ನೊಂದು ಗಂಟೆ ಇರಬಹುದು. ಬಚ್ಚಲಿಗೆ ಹೋಗಬೇಕು ಅನ್ನಿಸಿ ಎದ್ದೆ. ಮಂಚದ ಮೇಲೆ ಒಂದು ನಿಮಿಷ ಕೂತದ್ದು ನೆನಪಿದೆ. ಬಚ್ಚಲಿನ ಚಿಲಕ ಹಿಡಿದದ್ದು ನೆನಪಿದೆ. ಆಮೇಲೆ ನೆನಪಿರುವುದು ತಣ್ಣಗಿನ ನೆಲ, ಹುಬ್ಬಿನ ಮೇಲೆ ಬೆಚ್ಚಗಿನ ರಕ್ತ, ಆಯಿಯ ದನಿ. "ಎಂತಾ ಆತೇ ತಂಗಿ, ಎಂತಾ ಆತೇ" ಅಂತ ಅವಳು ಒಂದೇ ಸಮ ಕರೆಯುತ್ತಿದ್ದಳು. ಕೇಳಿಸುತ್ತಿತ್ತು, ಉತ್ತರ ಕೊಡಲು ಬಾಯಿ ಬರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಬಿಪಿ 80/50. ನಾಡಿ 48. ಕಾಲು ಎತ್ತರಿಸಿ ಮಲಗಿಸಿ ಸಲೈನ್ ಹಾಕಿದರು. ಹುಬ್ಬಿಗೆ ನಾಲ್ಕು ಹೊಲಿಗೆ. ರಾತ್ರಿ ಪಾಳಿಯಲ್ಲಿದ್ದ ಡಾಕ್ಟರು ಚಿಕ್ಕ ಹುಡುಗಿ, ನನ್ನ ಮಗಳ ವಯಸ್ಸಿನವಳು. ಅವಳು ಕಾಯಿಲೆಯ ಬಗ್ಗೆ ಕೇಳಲಿಲ್ಲ. "ಈ ವಾರ ಏನೇನು ನುಂಗಿದ್ದೀರಿ? ಹೊಟ್ಟೆಗೆ ಹೋದದ್ದೆಲ್ಲ ಹೇಳಿ" ಅಂದಳು. ಇವರು ಮನೆಗೆ ಓಡಿ ಕಪಾಟಿನಲ್ಲಿದ್ದ ಶೀಟುಗಳನ್ನೆಲ್ಲ ಚೀಲಕ್ಕೆ ಸುರಿದು ತಂದರು. ಅವಳು ಎರಡು ಶೀಟು ಆರಿಸಿ ಪಕ್ಕಪಕ್ಕ ಇಟ್ಟಳು. "ಇವೆರಡು ಒಟ್ಟಿಗೆ ಇರಬಾರದು" ಅಂದಳು.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಟಿಜಾನಿಡಿನ್ ಮೈಯಿಂದ ಹೊರಗೆ ಹೋಗುವುದು ಲಿವರಿನ ಮೂಲಕ. ಅಲ್ಲಿ ಅದನ್ನು ಒಡೆಯುವುದಕ್ಕೆ ಒಂದು ಕಿಣ್ವ ಇದೆ, ಹೆಸರು ಸಿವೈಪಿ 1ಎ2. ಸಿಪ್ರೊಫ್ಲಾಕ್ಸಾಸಿನ್ ಆ ಕಿಣ್ವವನ್ನೇ ತಡೆದುಬಿಡುತ್ತದೆ. "ಬಚ್ಚಲ ತೂಬಿಗೆ ಬಟ್ಟೆ ತುರುಕಿ ನಲ್ಲಿ ಬಿಟ್ಟ ಹಾಗೆ" ಅಂದಳು. ನೀರು ಮೊದಲಿನಷ್ಟೇ ಬೀಳುತ್ತದೆ, ಆದರೆ ಹೋಗಲು ದಾರಿ ಇಲ್ಲ. ಕಾಫಿಯ ಕೆಫೀನ್ ಕೂಡ ಅದೇ ದಾರಿಯಲ್ಲಿ ಹೋಗುವುದಂತೆ. ಸಿಪ್ರೊ ತಗೊಳ್ಳುವಾಗ ದಿನದ ಕಾಫಿಗೇ ಎದೆ ಡವಡವ ಅನ್ನುವುದು ಅದಕ್ಕೇ.

ಮನೆಗೆ ಬಂದ ಮೇಲೆ ಇದನ್ನು ಹುಡುಕಿ ಓದಿದೆ. 2004ರಲ್ಲಿ ಫಿನ್ಲೆಂಡಿನ ಸಂಶೋಧಕರು 10 ಮಂದಿ ಆರೋಗ್ಯವಂತರಿಗೆ ಮೂರು ದಿನ ಸಿಪ್ರೊ 500 ದಿನಕ್ಕೆರಡು ಕೊಟ್ಟು, ಆಮೇಲೆ 4 ಮಿಲಿಗ್ರಾಂ ಟಿಜಾನಿಡಿನ್ ಕೊಟ್ಟು ನೋಡಿದ್ದರು. ಮೈಗೆ ತಗುಲಿದ ಟಿಜಾನಿಡಿನ್ ಒಟ್ಟಾರೆ 10 ಪಟ್ಟು ಹೆಚ್ಚಿತ್ತು. ಅಂದರೆ ನಾನು 2 ಮಿಲಿಗ್ರಾಂ ಅಂತ ನುಂಗಿದ್ದು 20 ಮಿಲಿಗ್ರಾಂ ನುಂಗಿದ ಹಾಗೆ ಆಗಿರಬಹುದು. ಮನಸ್ಸಿನ ಕಾಯಿಲೆಗೆ ಕೊಡುವ ಫ್ಲುವೊಕ್ಸಮಿನ್ ಎಂಬ ಮಾತ್ರೆಯ ಜೊತೆ ಇದು ಇನ್ನೂ ಜೋರು. ಈ ಎರಡರ ಜೊತೆಗೂ ಟಿಜಾನಿಡಿನ್ ಕೊಡಲೇಬಾರದು ಅಂತ ಔಷಧಿಯ ಮಾಹಿತಿ ಹಾಳೆಯಲ್ಲೇ ಇದೆ. ಗರ್ಭನಿರೋಧಕ ಗುಳಿಗೆ ತಗೊಳ್ಳುವವರಲ್ಲೂ ಇದು ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಬಿಪಿ ಮಾತ್ರೆ ನುಂಗುವವರಿಗೆ ಬಿಪಿ ಇನ್ನಷ್ಟು ಇಳಿಯುತ್ತದೆ. ನಿದ್ದೆ ಮಾತ್ರೆ, ನೆಗಡಿಗೆ ಕೊಡುವ ಮಂಪರಿನ ಮಾತ್ರೆ, ಕೆಲವು ಕೆಮ್ಮಿನ ಸಿರಪ್ಪು, ಮದುವೆಮನೆ ಹಿಂದೆ ಗಂಡಸರು ಹಾಕುವ ಎರಡು ಪೆಗ್ಗು, ಯಾವುದು ಸೇರಿದರೂ ಮಂಪರು ಸಿಕ್ಕಾಪಟ್ಟೆ ಹೆಚ್ಚುತ್ತದೆ.

ಎರಡೂ ಒಳ್ಳೆಯ ಔಷಧಿಗಳೇ. ಒಂದು ನನ್ನ ಕತ್ತನ್ನು ಬಿಡಿಸಿತ್ತು, ಇನ್ನೊಂದು ಉರಿಯನ್ನು ತಗ್ಗಿಸಿತ್ತು. ಅವೆರಡೂ ನನ್ನ ಹೊಟ್ಟೆಯಲ್ಲಿ ಸೇರುತ್ತಿವೆ ಅಂತ ಗೊತ್ತಿದ್ದ ಮನುಷ್ಯ ಇಡೀ ಶಿರಸಿಯಲ್ಲಿ ಒಬ್ಬಳೇ, ಅದು ನಾನು. ನಾನು ಯಾರಿಗೂ ಹೇಳಲಿಲ್ಲ.

ಅಲ್ಲಿಂದ ಬಂದ ವಾರವೇ ಒಂದು ಕಾರ್ಡು ಮಾಡಿದೆ. ಅಂಗಡಿಯಲ್ಲಿ ಲಗ್ನಪತ್ರಿಕೆಯ ದಪ್ಪ ಕಾಗದದ ಚೂರು ಬೇಕಾದಷ್ಟು ಉಳಿದಿರುತ್ತದೆ. ಅದರಲ್ಲಿ ಅಂಗೈ ಅಗಲ ಕತ್ತರಿಸಿ ಈಗ ನುಂಗುತ್ತಿರುವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವಾಗ ಶುರು, ಯಾವಾಗ ಮುಗಿಯುತ್ತದೆ, ಯಾವ ಡಾಕ್ಟರು ಅಂತ ಬರೆದಿಟ್ಟೆ. ಪರ್ಸಿನಲ್ಲಿ ಸದಾ ಇರುತ್ತದೆ. ಕಣ್ಣಿನ ಡಾಕ್ಟರಾಗಲಿ, ಹಲ್ಲಿನ ಡಾಕ್ಟರಾಗಲಿ, ಕೂತ ಕೂಡಲೇ ಮೊದಲು ಕಾರ್ಡು ಮೇಜಿನ ಮೇಲೆ. ಮಾತ್ರೆಯನ್ನೂ ಈಗ ಒಂದೇ ಮೆಡಿಕಲ್‌ನಲ್ಲಿ ತಗೊಳ್ಳುತ್ತೇನೆ. ಅಲ್ಲಿನ ಹುಡುಗನಿಗೆ ನನ್ನ ಕಥೆ ಗೊತ್ತು. ಹೊಸ ಚೀಟಿ ಕೊಟ್ಟರೆ ಹಳೆಯದು ಏನಿತ್ತು ಅಂತ ಅವನೇ ಕೇಳುತ್ತಾನೆ.

ಕಾರ್ಡಿನಲ್ಲಿ ಕಂಪನಿಯ ಹೆಸರು ಬರೆಯುವುದಿಲ್ಲ, ಒಳಗಿನ ಮದ್ದಿನ ಹೆಸರು ಬರೆಯುತ್ತೇನೆ. ನನ್ನ ಕಸುಬೇ ಅಕ್ಷರ ನೋಡುವುದು. ಈ ನೋವಿನ ಮಾತ್ರೆ ಶೀಟುಗಳಲ್ಲಿ ಒಂದು ತೊಂದರೆ ಇದೆ. ಮುಂದೆ ದೊಡ್ಡ ಅಕ್ಷರದಲ್ಲಿ ಒಂದು ಹೆಸರು, ಅದರ ಬಾಲಕ್ಕೆ "ಎಂಆರ್" ಅಂತಲೋ ಮತ್ತೊಂದೋ ಎರಡಕ್ಷರ. ಒಳಗೆ ಏನಿದೆ ಅನ್ನುವುದು ಹಿಂದೆ, ಬೆಳ್ಳಿ ಹಾಳೆಯ ಮೇಲೆ, 5 ಪಾಯಿಂಟ್ ಅಕ್ಷರದಲ್ಲಿ. ನಾನಾದರೆ ಅಂಥ ಪ್ರೂಫನ್ನು ಗ್ರಾಹಕರಿಗೆ ಕೊಡುವುದಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಒಂದರಲ್ಲಿ ಟಿಜಾನಿಡಿನ್ ಇರುತ್ತದೆ, ಇನ್ನೊಂದರಲ್ಲಿ ಕ್ಲೋರ್‌ಜೋಕ್ಸಜೋನ್, ಮತ್ತೊಂದರಲ್ಲಿ ಥಿಯೋಕೊಲ್ಚಿಕೋಸೈಡ್. ಮೂರೂ ಸ್ನಾಯು ಸಡಿಲಿಸುವ ಮದ್ದುಗಳೇ. ಬಹಳಷ್ಟರಲ್ಲಿ ನೋವು ಇಳಿಸುವ ಡೈಕ್ಲೊಫೆನಾಕ್ ಅಥವಾ ಅಸಿಕ್ಲೊಫೆನಾಕ್ ಸೇರಿಸಿರುತ್ತಾರೆ, ಜೊತೆಗೆ ಸಾಮಾನ್ಯವಾಗಿ 325 ಮಿಲಿಗ್ರಾಂ ಪ್ಯಾರಾಸಿಟಮಾಲ್. ಇದು ಗೊತ್ತಿಲ್ಲದೆ ಜ್ವರ ಬಂತೆಂದು ಮೇಲಿಂದ 650ರ ಮಾತ್ರೆ ನುಂಗುವವರನ್ನು ನೋಡಿದ್ದೇನೆ. ದೊಡ್ಡವರಿಗೆ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ದಾಟಬಾರದು. ಲಿವರ್ ಸರಿ ಇಲ್ಲದವರಿಗೆ ಅದಕ್ಕಿಂತ ಕಡಿಮೆ. ಡೈಕ್ಲೊಫೆನಾಕ್ ಜಾತಿಯವು ಹೊಟ್ಟೆಹುಣ್ಣು ಇದ್ದವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ ಆಗುವುದಿಲ್ಲ. ಇನ್ನು ಕ್ಲೋರ್‌ಜೋಕ್ಸಜೋನ್ ತಗೊಂಡಾಗ ಕೆಲವರಿಗೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬದಲಾದ್ದಕ್ಕೆ ಹೆದರಬೇಕಿಲ್ಲ. ಆದರೆ ಕಣ್ಣು ಹಳದಿಯಾದರೆ, ಊಟ ಸೇರದೆ ವಾಕರಿಕೆ ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಡಾಕ್ಟರಿಗೆ ತೋರಿಸಬೇಕು. ಅಪರೂಪಕ್ಕೆ ಅದು ಲಿವರನ್ನೇ ಕೆಡಿಸುತ್ತದೆ.

ಥಿಯೋಕೊಲ್ಚಿಕೋಸೈಡ್ ಅಂತ ಅಷ್ಟುದ್ದದ ಹೆಸರು ಓದಿದಾಗ ಅದು ಯಾವುದೋ ದೂರದ ವಸ್ತು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದರ ಮೂಲ ನಮ್ಮ ಬೇಲಿಯಲ್ಲೇ ಇದೆ! ಮಳೆಗಾಲದಲ್ಲಿ ಬೇಲಿಯ ಮೇಲೆ ಕೆಂಪು ಹಳದಿ ಬೆಂಕಿಯ ನಾಲಿಗೆಯ ಹಾಗೆ ಅರಳುತ್ತದಲ್ಲ, ಗೌರಿ ಹೂ, ಅದರ ಬೀಜದಿಂದ ತೆಗೆದ ವಸ್ತುವನ್ನು ಬದಲಿಸಿ ಈ ಮದ್ದು ಮಾಡುತ್ತಾರೆ. ತಮಿಳುನಾಡಿನಲ್ಲಿ ಬೀಜಕ್ಕಾಗಿಯೇ ಬೆಳೆಯುತ್ತಾರೆ. ಅದು ಅವರ ರಾಜ್ಯದ ಹೂವೂ ಹೌದು. ಚಿಕ್ಕವರಿದ್ದಾಗ ಗೌರಿ ಹಬ್ಬಕ್ಕೆ ಹೂ ಕೊಯ್ಯಲು ಕಳಿಸುವಾಗ ಆಯಿ, "ಹೂವಷ್ಟೇ ಕೊಯ್ಯಿ, ಗಡ್ಡೆ ಮುಟ್ಟಡ" ಅನ್ನುತ್ತಿದ್ದಳು. ಗಿಡದ ತುಂಬ ಕೊಲ್ಚಿಸಿನ್ ಎಂಬ ವಿಷ ಇದೆ. ಗಡ್ಡೆ ತಿಂದರೆ ಜೀವಕ್ಕೇ ಅಪಾಯ.

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗಳಿಗೆ ಸೊಂಟ ಹಿಡಿದಾಗ ಇದೇ ಮದ್ದು ಇರುವ ಮಾತ್ರೆ ಕೊಟ್ಟಿದ್ದರು. ಫೋನಿನಲ್ಲಿ ಸುಮ್ನೆ ಮಾತಾಡುತ್ತಾ ಹೇಳಿದಳು. ನಾನು ಹೆಸರು ಓದಿಸಿಕೊಂಡೆ. ಮದುವೆಯಾಗಿ ಎರಡು ವರ್ಷ, ಮಗುವಿಗಾಗಿ ಕಾಯುತ್ತಿದ್ದಾಳೆ. ಯುರೋಪಿನ ಔಷಧ ಸಂಸ್ಥೆ 2013ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಇದು ಮೈಯಲ್ಲಿ ಒಡೆದಾಗ ಹುಟ್ಟುವ ಒಂದು ವಸ್ತು ಜೀವಕೋಶಗಳ ಕ್ರೋಮೊಸೋಮಿನ ಲೆಕ್ಕ ತಪ್ಪಿಸಬಹುದು ಅನ್ನುವ ಕಾರಣಕ್ಕೆ. ಬಸುರಿಯರು, ಹಾಲೂಡಿಸುವವರು, ಗರ್ಭನಿರೋಧಕ ಬಳಸದ ಹೆಂಗಸರು ಇದನ್ನು ತಗೊಳ್ಳಬಾರದು. 16 ವರ್ಷದೊಳಗಿನ ಮಕ್ಕಳಿಗೂ ಕೊಡಬಾರದು. ಉಳಿದವರಿಗೂ ಮಾತ್ರೆಯಾದರೆ ಒಂದು ಸಲಕ್ಕೆ 8 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, 7 ದಿನಕ್ಕಿಂತ ಹೆಚ್ಚು ಬೇಡ ಅಂತ. "ಇವತ್ತಿನದು ನುಂಗಬೇಡ, ಈಗಲೇ ಡಾಕ್ಟರಿಗೆ ಫೋನ್ ಮಾಡಿ ಮಗುವಿನ ವಿಷಯ ಹೇಳು" ಅಂದೆ. ಮಾಡಿದಳು. ಅವರು ಆ ಮಾತ್ರೆ ಬಿಡಿಸಿ ಶಾಖ ಮತ್ತು ವ್ಯಾಯಾಮ ಹೇಳಿದರು. ಅವಳಿಗೂ ಯಾರೋ ಮಗುವಿನ ಬಗ್ಗೆ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಎಲ್ಲ ಮಾತ್ರೆಯನ್ನೂ ಹೀಗೆ ತಟ್ಟನೆ ಬಿಡುವಂತಿಲ್ಲ. ನಮ್ಮ ಕೇರಿಯಲ್ಲಿ ಒಬ್ಬ ಅಜ್ಜ ಇದ್ದಾರೆ. ಲಕ್ವ ಹೊಡೆದ ಮೇಲೆ ಕೈಕಾಲು ಸೆಟೆದುಕೊಳ್ಳುತ್ತದೆ. ಅವರಿಗೆ ಬ್ಯಾಕ್ಲೊಫೆನ್ ವರ್ಷಗಟ್ಟಲೆಯಿಂದ ನಡೆದಿದೆ. ಅದನ್ನು ಒಮ್ಮೆಲೇ ನಿಲ್ಲಿಸಿದರೆ ಇಲ್ಲದ್ದು ಕಾಣಿಸಬಹುದು, ಫಿಟ್ಸ್ ಬರಬಹುದು. ಟಿಜಾನಿಡಿನ್ ಕೂಡ ಹೆಚ್ಚು ಪ್ರಮಾಣದಲ್ಲಿ ಬಹಳ ದಿನ ತಗೊಂಡು ತಟ್ಟನೆ ಬಿಟ್ಟರೆ ಬಿಪಿ ಮೇಲೇರುತ್ತದೆ. ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ನಮ್ಮ ಕಡೆ ಜುಲೈನಲ್ಲಿ ಮರ ಬಿದ್ದು ರಸ್ತೆ ಬಂದ್ ಆಗುವುದು ಹೊಸದೇನಲ್ಲ. ಅಜ್ಜನ ಸೊಸೆ ಮಳೆ ಹಿಡಿಯುವ ಮೊದಲೇ ಅಕ್ಕಿ, ಬೇಳೆಯ ಜೊತೆ ಈ ಮಾತ್ರೆಯನ್ನೂ ತಂದಿಡುತ್ತಾಳೆ. ಬ್ಯಾಕ್ಲೊಫೆನ್ ಹೊರಗೆ ಹೋಗುವುದು ಕಿಡ್ನಿಯ ಮೂಲಕ. ಕಿಡ್ನಿ ಸೋತವರಲ್ಲಿ ಅದು ಮೈಯಲ್ಲೇ ಉಳಿದು ಪ್ರಜ್ಞೆ ತಪ್ಪಿಸುತ್ತದೆ. ಹಾಗಾಗಿ ಅಜ್ಜನ ರಕ್ತ ಪರೀಕ್ಷೆಯನ್ನೂ ಅವಳು ತಪ್ಪಿಸುವುದಿಲ್ಲ.

ನನ್ನ ಕತ್ತು ಈಗ ಚೆನ್ನಾಗಿದೆ. ಮಾನಿಟರನ್ನು ಎರಡು ದಪ್ಪ ಪುಸ್ತಕದ ಮೇಲೆ ಎತ್ತರಿಸಿದ್ದೇನೆ. ತಾಸಿಗೊಮ್ಮೆ ಎದ್ದು ನೀರು ಕುಡಿಯುತ್ತೇನೆ.

ಆಯಿಗೆ ಈಗ 76. ಹೋದ ಚಳಿಗಾಲದಲ್ಲಿ ಒಂದು ದಿನ ಕಪಾಟು ತೆರೆದು ನಿಂತಿದ್ದಳು. "ನಿಂಗೆ ಕುತ್ತಿಗೆ ನೋವಿಗೆ ಕೊಟ್ಟಿದ್ದ ಗುಳಿಗೆ ಒಂದು ಕೊಡೇ, ಮಂಡಿ ರಾಶಿ ನೋಯ್ತು" ಅಂದಳು. ಅವಳು ಬಿಪಿಗೆ ಎರಡು ಮಾತ್ರೆ ನುಂಗುತ್ತಾಳೆ. ರಾತ್ರಿ ಎರಡು ಸಲ ಬಚ್ಚಲಿಗೆ ಏಳುತ್ತಾಳೆ. ಈ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದರೆ ಏನು ಕಥೆ? ಸ್ನಾಯು ಸಡಿಲಿಸುವ ಮಾತ್ರೆಗಳು ವಯಸ್ಸಾದವರಿಗೆ ಬೇಡ ಅಂತ ಡಾಕ್ಟರುಗಳು ಹೇಳುವುದೇ ಈ ಬೀಳುವ ಭಯಕ್ಕೆ. ಅವಳ ಕೈ ಹಿಡಿದು ನನ್ನ ಹುಬ್ಬಿನ ಮೇಲಿನ ಗೆರೆ ಮುಟ್ಟಿಸಿದೆ. ಅವಳು ಮಾತಾಡಲಿಲ್ಲ. ಉಳಿದ ಹಳೆಯ ಶೀಟುಗಳನ್ನೆಲ್ಲ ಅವತ್ತೇ ಕಪಾಟಿನಿಂದ ತೆಗೆದೆ. ಮರುದಿನ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಂಡಿಗೆ ಹಚ್ಚುವ ಜೆಲ್ ಕೊಟ್ಟರು, ಕುರ್ಚಿಯಲ್ಲಿ ಕೂತು ಕಾಲು ಚಾಚುವ ವ್ಯಾಯಾಮ ಹೇಳಿಕೊಟ್ಟರು.

ಅವಳಿಗೂ ಒಂದು ಕಾರ್ಡು ಮಾಡಿಕೊಟ್ಟಿದ್ದೇನೆ. ಅಕ್ಷರ ಕಾಣುವುದಿಲ್ಲ ಅಂದಳು, 24 ಪಾಯಿಂಟಿನಲ್ಲಿ ಹಾಕಿದೆ. ಅಂಗೈಯಷ್ಟಿದ್ದದ್ದು ಲಗ್ನಪತ್ರಿಕೆಯಷ್ಟೇ ದೊಡ್ಡದಾಯಿತು. ಎರಡಾಗಿ ಮಡಚಿ, ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡಿದ್ದಾಳೆ.